ದೊಡ್ಡಪ್ಪನ ಬೆಸುಗೆ ಒಲೆ ಮತ್ತು ಚಿಕ್ಕಪ್ಪನ ಬಲೆ

ಹಾಸನದ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಗುಡ್ ಮಾರ್ನಿಂಗ್ ಹೂವು, ಸ್ಟಿಕ್ಕರ್, ಮಧ್ಯೆ ನುಗ್ಗಿದ ನಾಮಕರಣದ ವಿಷಯ ಎಲ್ಲ ತೆಗೆದಿದ್ದೇನೆ. ಹೆಸರುಗಳ ಬದಲು ಅವರು ನನಗೆ ಏನಾಗಬೇಕೋ ಅದನ್ನು ಬರೆದಿದ್ದೇನೆ. ಒಲೆ ಅಂದರೆ ತಗಡಿನ ಕೆಲಸದವರು ಬೆಸುಗೆ ಹಾಕುವ ತಾಮ್ರದ ತುಂಡನ್ನು, ಅಂದರೆ ಬಿಟ್ ಅನ್ನು, ಕಾಯಿಸುವ ಗ್ಯಾಸ್ ಒಲೆ. ದೊಡ್ಡಪ್ಪ ಹೋದ ಮೇಲೆ ಶೆಡ್ಡಿನಲ್ಲಿ ಬಿದ್ದಿತ್ತು.

ಚಿಕ್ಕಪ್ಪ: (ಫೋಟೊ) ಹೇಗಿದೆ ನೋಡಿ! ತಂತಿ ಬ್ರಷ್‌ನಲ್ಲಿ ಉಜ್ಜಿದೆ. ಬರ್ನರ್ ತೂತು ಬಿಡಿಸಿದೆ. ನೀಲಿ ಉರಿ ಬರುತ್ತಿದೆ. ಮೇಲೆ ಬಾಣಲೆ ಕೂರಿಸಿದರೆ ಸೀಸ ಕರಗಿಸಬಹುದು. ಇಟ್ಟಿಗೆಯಲ್ಲಿ ಕುಳಿ ತೋಡಿ, ಬೀಸುಬಲೆಗೆ ಗುಂಡು ನಾನೇ ಎರಕ ಹೊಯ್ಯುತ್ತೇನೆ. ಆಮೇಲೆ ಎಲ್ಲರೂ ಗೊರೂರು ಹಿನ್ನೀರಿಗೆ, ಶೆಟ್ಟಿಹಳ್ಳಿ ಚರ್ಚ್ ಕಡೆ.

ಅಣ್ಣ: ಚಿಕ್ಕಪ್ಪ, ಅಪ್ಪನ ಒಲೆ ನಿಮ್ಮ ಮನೆಗೆ ಯಾವಾಗ ಬಂತು? ಒಂದು ಮಾತು ಕೇಳಬಾರದಿತ್ತಾ?

ಚಿಕ್ಕಪ್ಪ: ಕೊಳ್ಳುವಾಗ ಅರ್ಧ ದುಡ್ಡು ನನ್ನದು. ನೀನಾಗ ಇನ್ನೂ ಸ್ಲೇಟು ಹಿಡಿದಿದ್ದೆ.

ಅಣ್ಣ: ಅರ್ಧ ಒಲೆ ತೆಗೆದುಕೊಂಡು ಹೋಗಬೇಕಿತ್ತು ಹಾಗಾದರೆ.

(ಇಲ್ಲಿ ದುಡ್ಡಿನ ಲೆಕ್ಕ ಬಹಳ ಹೊತ್ತು ನಡೆಯಿತು. ಬಿಡಿ.)

ಭಾವ: ಆ ಒಲೆ ಗುಜರಿಗೆ ಮಾತ್ರ ಹಾಕಬೇಡಿ. ನಮ್ಮ ಸಕಲೇಶಪುರದ ತೋಟದ ಹಿತ್ತಾಳೆ ಪಂಪುಗಳೆಲ್ಲ ಮಾವನವರ ಕೈಯಲ್ಲೇ ರಿಪೇರಿ ಆಗಿದ್ದು. ಗಿಡಕ್ಕೆ ಬೋರ್ಡೋ ಔಷಧಿ ಹೊಡೆಯುವ ಸಮಯಕ್ಕೆ ಸರಿಯಾಗಿ ಜೋಡು ಬಿಡುತ್ತಿದ್ದವು. ಉರಿ ಹಸಿರಾದ ತಕ್ಷಣ ಬಿಟ್ ಎಳೆದು, ತುದಿ ಶುಚಿಯಾಗಲು ನವಸಾಗರದ ಉಪ್ಪಿಗೆ ಉಜ್ಜಿ, ಒಂದೇ ಎಳೆತಕ್ಕೆ ಬೆಸುಗೆ.

ಚಿಕ್ಕಪ್ಪ: ಅಳಿಯಂದಿರಿಗಾದರೂ ಬೆಲೆ ಗೊತ್ತಿದೆ.

ತಮ್ಮ: (ವಿಡಿಯೊ) ಚಿಕ್ಕಪ್ಪ, ಇದನ್ನು ನೋಡಿ. ಹಳೇ ಟ್ರ್ಯಾಕ್ಟರ್ ಬ್ಯಾಟರಿ ಒಡೆದು ಸೀಸ ತೆಗೆಯುತ್ತಾನೆ. ನಮ್ಮ ಹತ್ತಿರವೂ ಒಂದು ಇದೆಯಲ್ಲಾ. ಖರ್ಚೇ ಇಲ್ಲ.

ಅಕ್ಕ: ಯಾರೂ ಬ್ಯಾಟರಿ ಮುಟ್ಟಬೇಡಿ. ಲ್ಯಾಬ್‌ನಲ್ಲಿದ್ದೇನೆ, ಬಂದು ಬರೆಯುತ್ತೇನೆ.

ಚಿಕ್ಕಪ್ಪ: ಶುರುವಾಯಿತು. ನಿಮ್ಮಪ್ಪ ಜೀವನವಿಡೀ ಸೀಸದ ಬೆಸುಗೆ ಹಾಕಿದರು ಕಣಮ್ಮ. ಏನಾಯಿತು?

ನಾನು: ಅಕ್ಕ ಬರುವಷ್ಟರಲ್ಲಿ ನಾನು ಹೇಳುತ್ತೇನೆ. ಈ ಒಲೆಯಲ್ಲಿ ಸೀಸ ಕರಗುತ್ತದೆ, ಅದರಲ್ಲಿ ಅನುಮಾನ ಇಲ್ಲ. ಸೀಸಕ್ಕೆ 327 ಡಿಗ್ರಿ ಸಾಕು. ತೊಂದರೆ ಏನೆಂದರೆ ಇದು ಅದಕ್ಕಿಂತ ಎಷ್ಟೋ ಜಾಸ್ತಿ ಕಾಯಿಸುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ತಾಮ್ರದ ಬಿಟ್ ಕಾದಿದೆ ಅನ್ನಲು ಹಸಿರು ಉರಿ ಇತ್ತು. ಬಾಣಲೆಯಲ್ಲಿರುವ ಸೀಸಕ್ಕೆ ಉರಿಯ ಗುರುತು ಇಲ್ಲ. ಮೇಲ್ಮೈ ನೀಲಿ, ನೇರಳೆಗೆ ತಿರುಗಿತು ಅಂದರೆ ಆಗಲೇ ಜಾಸ್ತಿ ಆಗಿದೆ. 500 ಡಿಗ್ರಿ ಹತ್ತಿರ ಹೋದರೆ ಆವಿಯೂ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು. ಐದು ಕಿಲೋ ಸೀಸ ಅಂದರೆ ಅರ್ಧ ಲೀಟರೂ ಇಲ್ಲ. ಬಾಣಲೆಯ ತಳದಲ್ಲಿ ಸ್ವಲ್ಪವೇ ಇದ್ದ ಹಾಗೆ ಕಾಣುತ್ತದೆ. ಇನ್ನಷ್ಟು ಹಾಕೋಣ ಅನಿಸುತ್ತದೆ. ಆ ಒಲೆ ಎರಡು ಬಿಟ್ ಹೊರಲು ಮಾಡಿದ್ದು. ಅದರ ಬಾಯಿ ಇರುವುದು ಮುಂದಕ್ಕೆ. ಮೇಲೆ ಭಾರ ಇಟ್ಟು ಸೌಟು ಆಡಿಸಿದರೆ ಪೂರ್ತಿ ಮಗುಚಬಹುದು.

ಚಿಕ್ಕಪ್ಪ: ಕೆಳಗೆ ಕಲ್ಲು ಕೊಟ್ಟು, ನಾಲ್ಕು ಕಡೆ ಕಬ್ಬಿಣದ ಪಟ್ಟಿ ಬಿಗಿಯುತ್ತೇನೆ. ಬಾಗಿಲು ಕಿಟಕಿ ತೆಗೆದಿಡುತ್ತೇನೆ. ಹೊಗೆ ಹೊರಗೆ ಹೋಗುತ್ತದೆ. ಆಯಿತಲ್ಲಾ?

ಅಕ್ಕ: ಚಿಕ್ಕಪ್ಪ, ಎಲ್ಲರೂ ಹೊಗೆಯನ್ನೇ ನೋಡುತ್ತಾರೆ. ಹದವಾಗಿ ಕಾಯಿಸಿದರೆ ಆವಿ ಕಡಿಮೆಯೇ, ಒಪ್ಪುತ್ತೇನೆ. ಮೇಲೆ ಕಟ್ಟುವ ಕಿಟ್ಟವನ್ನು ಏನು ಮಾಡುತ್ತೀರಿ? ಅದನ್ನು ಕೆರೆದು ತೆಗೆಯಲೇಬೇಕು. ಆರಿದ ಮೇಲೆ ಹಿಟ್ಟಿಗಿಂತ ನುಣ್ಣಗಿನ ಪುಡಿ. ಪಂಚೆಗೆ, ಚಪ್ಪಲಿಗೆ, ಉಗುರಿಗೆ ಅಂಟುತ್ತದೆ. ನಿಮ್ಮ ಮೊಮ್ಮಗಳು ಈಗ ಅಂಬೆಗಾಲು ಇಡುತ್ತಿದ್ದಾಳೆ. ಸಿಕ್ಕಿದ್ದೆಲ್ಲ ಬಾಯಿಗೆ. ನುಂಗಿದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬುದ್ಧಿ ಬೆಳೆಯುವ ವಯಸ್ಸಿನಲ್ಲಿ ಆದ ಹಾನಿ ಆಮೇಲೆ ಸರಿ ಹೋಗುವುದಿಲ್ಲ.

ನಮ್ಮ ದೇಶದಲ್ಲಿ 2000ರಲ್ಲಿ ಪೆಟ್ರೋಲಿನಿಂದ ಸೀಸ ತೆಗೆದರು. 2017ರ ನವೆಂಬರಿನಿಂದ ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ಮೀರಬಾರದು. ಅಷ್ಟು ಕಷ್ಟಪಟ್ಟು ಹೊರಗೆ ಹಾಕಿದ್ದನ್ನು ನೀವು ಬಾಣಲೆಯಲ್ಲಿ ವಾಪಸ್ ತರುತ್ತೀರಾ?

ಚಿಕ್ಕಮ್ಮ: ಯಾವ ಬಾಣಲೆ? ಫೋಟೊದಲ್ಲಿರುವುದು ನಾನು ಚಕ್ಕುಲಿ ಕರಿಯುವ ಬಾಣಲೆ!

ಚಿಕ್ಕಪ್ಪ: ಅಳತೆ ನೋಡಲು ಇಟ್ಟಿದ್ದೆ ಕಣೇ.

ತಮ್ಮ: ಅಕ್ಕ, ಬ್ಯಾಟರಿ ಯಾಕೆ ಬೇಡ? ವಿಡಿಯೊದಲ್ಲಿ ಚೆನ್ನಾಗಿಯೇ ಬಂತಲ್ಲಾ.

ನಾನು: ವಿಡಿಯೊದಲ್ಲಿ ಅವನ ರಕ್ತ ಪರೀಕ್ಷೆ ತೋರಿಸಲಿಲ್ಲ. ಬ್ಯಾಟರಿ ಒಳಗೆ ಸಲ್ಫ್ಯೂರಿಕ್ ಆಸಿಡ್ ಇರುತ್ತದೆ. ಫಲಕಗಳಲ್ಲಿ ಬಹುಪಾಲು ಇರುವುದು ಸೀಸದ ಆಕ್ಸೈಡ್, ಸಲ್ಫೇಟ್. ಈ ಒಲೆಯಲ್ಲಿ ಅದು ಕರಗಿ ಸೀಸ ಆಗುವುದಿಲ್ಲ, ಪುಡಿಯಾಗಿ ಮನೆ ತುಂಬುತ್ತದೆ. ಫಲಕದ ಜಾಲರಿಯಲ್ಲಿ ಆಂಟಿಮನಿ, ಆರ್ಸೆನಿಕ್ ಸೇರಿಸಿರುತ್ತಾರೆ, ಕೆಲವದರಲ್ಲಿ ಕ್ಯಾಲ್ಸಿಯಂ ಕೂಡ. ಕರಗಿಸಿದ ಮೇಲೆ ಉಳಿಯುವ ಅದರ ಕಿಟ್ಟಕ್ಕೆ ನೀರು ತಗುಲಿದರೆ ಆರ್ಸೀನ್ ಅನ್ನುವ ಅನಿಲ ಹುಟ್ಟಬಹುದು. ಅದು ರಕ್ತದ ಕಣಗಳನ್ನೇ ಒಡೆಯುತ್ತದೆ. ನಮ್ಮ ಊರಿನ ಮಳೆಯಲ್ಲಿ ಯಾವ ಮೂಲೆ ಒಣಗಿರುತ್ತದೆ ಹೇಳು.

ಭಾವ: ಬ್ಯಾಟರಿ ಅಂಗಡಿಗೆ ವಾಪಸ್ ಕೊಡಿ. ಹೊಸದರಲ್ಲಿ ದುಡ್ಡು ಕಡಿಮೆ ಮಾಡುತ್ತಾರೆ. 2022ರ ನಿಯಮ ಬಂದ ಮೇಲೆ ತಯಾರಕರೇ ವಾಪಸ್ ಪಡೆದು ಮರುಬಳಕೆ ಮಾಡಿಸಬೇಕು.

ಚಿಕ್ಕಪ್ಪ: ಸರಿ, ಬ್ಯಾಟರಿ ಬೇಡ. ಪಂಕ್ಚರ್ ಅಂಗಡಿಯಲ್ಲಿ ಚಕ್ರದ ಸಮತೋಲಕ್ಕೆ ಹಾಕುವ ತೂಕದ ತುಂಡು ಸಿಗುತ್ತದೆ. ಅದು ಶುದ್ಧ ಸೀಸ.

ನಾನು: ಶುದ್ಧವೇನಲ್ಲ. ಈಗ ಸತುವಿನದ್ದೂ, ಕಬ್ಬಿಣದ್ದೂ ಬರುತ್ತದೆ. ಸತು ಕರಗುವುದು ಸುಮಾರು 420 ಡಿಗ್ರಿಗೆ. ಉರಿ ಹದದಲ್ಲಿದ್ದರೆ ಕರಗದೆ ತೇಲುತ್ತದೆ, ತೆಗೆದು ಬಿಸಾಡಬಹುದು. ಉರಿ ಏರಿದರೆ ಸೀಸಕ್ಕೆ ಸೇರಿ ಎಲ್ಲ ಗಂಜಿಯ ಹಾಗೆ ಆಗುತ್ತದೆ. ಅಚ್ಚಿಗೆ ಇಳಿಯುವುದಿಲ್ಲ. ಮತ್ತೆ ಅದೇ ಮಾತು, ಈ ಒಲೆಗೆ ಹದ ಇಲ್ಲ.

ಅಚ್ಚಿನ ವಿಷಯವೂ ಇದೆ. ಇಟ್ಟಿಗೆಯಲ್ಲಿ ಕುಳಿ ತೋಡುತ್ತೇನೆ ಅಂದಿರಿ. ಇಟ್ಟಿಗೆ ತೇವ ಹಿಡಿದಿಡುತ್ತದೆ. ನೀರು ಹಬೆಯಾದರೆ 1,600 ಪಟ್ಟು ಹಿಗ್ಗುತ್ತದೆ. ಸೀಸದ ಅಡಿ ಒಂದು ಹನಿ ಸಿಕ್ಕಿಕೊಂಡರೂ ಕಾದ ಸೀಸ ಮುಖಕ್ಕೆ ಹಾರುತ್ತದೆ. ಒದ್ದೆ ಸೌಟು ಅದ್ದಿದರೂ ಅಷ್ಟೇ.

ಅಣ್ಣ: ಸಿಲಿಂಡರ್ ಯಾವುದು, ಮನೆಯದ್ದಾ? ಆ ರಬ್ಬರ್ ಟ್ಯೂಬು ನಾನು ಕಾಲೇಜಿಗೆ ಹೋಗುವಾಗಿನದ್ದು. ಅಲ್ಲಲ್ಲಿ ಬಿರಿದಿದೆ. ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಿಯುತ್ತದೆ. ನಿಮ್ಮ ಹಿತ್ತಲ ಶೆಡ್ಡು ತಗ್ಗಿನಲ್ಲಿದೆ.

ಚಿಕ್ಕಪ್ಪ: ಎಲ್ಲರೂ ಒಂದಾಗಿದ್ದೀರಿ. ಅತ್ತಿಗೆಯನ್ನು ಕೇಳಿ. ಅವರು ಎಲ್ಲ ನೋಡಿದ್ದಾರೆ.

(ದೊಡ್ಡಮ್ಮ ಟೈಪ್ ಮಾಡುವುದಿಲ್ಲ. ಅವರ ವಾಯ್ಸ್ ಮೆಸೇಜ್ ಕೇಳಿ ಬರೆದಿದ್ದೇನೆ. ಹಿಂದೆ ಕುಕ್ಕರ್ ಕೂಗುತ್ತಿತ್ತು.)

ದೊಡ್ಡಮ್ಮ: ನಿಮ್ಮ ದೊಡ್ಡಪ್ಪ ಅಂಗಡಿಯ ಅಂಗಿಯಲ್ಲಿ ಒಂದು ದಿನವೂ ಅಡುಗೆಮನೆಗೆ ಬಂದವರಲ್ಲ. ಹಿತ್ತಲ ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆದೇ ಎಲೆ ಅಡಿಕೆ. ಅಂಗಿಗೆ ಬೇರೆ ಬಕೆಟ್ಟು. ಕೆಲಸ ಕಲಿಸಿದವರು ಹಾಗೇ ಹೇಳಿಕೊಟ್ಟಿದ್ದರಂತೆ. ಆದರೂ ಹೊಟ್ಟೆ ನುಲಿತ ಇತ್ತು, ಬಿಪಿ ಇತ್ತು. ಬೆಸುಗೆಯಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಯಾರೂ ಪರೀಕ್ಷೆ ಮಾಡಿಸಲಿಲ್ಲ. ಏನೂ ಆಗಲಿಲ್ಲ ಅಂತ ಮಾತ್ರ ಹೇಳಬೇಡ. ನಿನ್ನ ಮನೆಯಲ್ಲಿ ಸಣ್ಣ ಮಗು ಇದೆ.

(ಇದಾದ ಮೇಲೆ ಗುಂಪು ಸ್ವಲ್ಪ ಹೊತ್ತು ಸುಮ್ಮನಿತ್ತು. ಚಿಕ್ಕಪ್ಪ ಸೋಲುವವರಲ್ಲ. ವಯಸ್ಸಾದರೂ ಕೈ ಸುಮ್ಮನಿರದ ಮನುಷ್ಯ, ಅದು ನನಗೆ ಇಷ್ಟವೇ.)

ಚಿಕ್ಕಪ್ಪ: ಮನೆಯಲ್ಲಿ ಬೇಡ, ಒಪ್ಪಿದೆ. ಅಳಿಯಂದಿರೇ, ಬೇಸಿಗೆಯಲ್ಲಿ ನಿಮ್ಮ ತೋಟದ ಕಣದಲ್ಲಿ ಮಾಡಲಾ? ಬಯಲು, ಒಣಗಿರುತ್ತದೆ.

ಭಾವ: ಕಣದಲ್ಲಿ ಕಾಫಿ ಹರಡುತ್ತೇವೆ, ಚಿಕ್ಕಮಾವ. ಮೆಣಸೂ ಅಲ್ಲೇ ಒಣಗುವುದು.

ಚಿಕ್ಕಪ್ಪ: ಪಂಪ್‌ಹೌಸ್ ಹತ್ತಿರ?

ಭಾವ: ಅಲ್ಲಿನ ಕೆರೆ ನೀರನ್ನೇ ಲೈನ್ ಮನೆಯ ತೋಟದ ಕೆಲಸದವರು ಬಳಸುತ್ತಾರೆ.

ಚಿಕ್ಕಪ್ಪ: ದನದ ಕೊಟ್ಟಿಗೆ ಹಿಂದೆ?

ಅಕ್ಕ: ಹುಲ್ಲಿನ ಮೇಲೆ ಪುಡಿ ಬಿದ್ದರೆ ಹಸು ತಿನ್ನುತ್ತದೆ. ಹಾಲು ಕುಡಿಯುವವರು ನಾವು.

ಚಿಕ್ಕಪ್ಪ: ಹಾಗಾದರೆ ರೆಡಿ ಗುಂಡು ತರುತ್ತೇನೆ. ಅದೂ ಸೀಸವೇ ಅಲ್ವಾ? ಅದಕ್ಕೇನು ಹೇಳುತ್ತೀಯ?

ಅಕ್ಕ: ಅದೂ ಸೀಸವೇ. ಕೊನೆಗೆ ಕೆರೆಯಲ್ಲೇ ಉದುರುವುದು. ಬ್ರಿಟನ್ನಿನಲ್ಲಿ ಗಾಳಕ್ಕೆ ಕಟ್ಟುವ ಸಣ್ಣ ಸೀಸದ ಗುಂಡುಗಳನ್ನು 1987ರಲ್ಲೇ ನಿಷೇಧಿಸಿದರು. ಹಂಸಗಳು ನುಂಗಿ ಸಾಯುತ್ತಿದ್ದವು. ಆದರೂ ಬಾಣಲೆಯ ಕಿಟ್ಟಕ್ಕಿಂತ ಗಟ್ಟಿ ಗುಂಡು ವಾಸಿ. ಕಟ್ಟಿದ ಮೇಲೆ ಕೈ ತೊಳೆಯಿರಿ. ಹಲ್ಲಿನಲ್ಲಿ ಕಚ್ಚಿ ಬಿಗಿಯಬೇಡಿ, ನೀವು ಹಾಗೆ ಮಾಡುವುದನ್ನು ನೋಡಿದ್ದೇನೆ.

ತಮ್ಮ: ಕಬ್ಬಿಣದ ನಟ್ಟು ಕಟ್ಟಿದರೆ?

ಚಿಕ್ಕಪ್ಪ: ಬಲೆ ಬೀಸಿ ಗೊತ್ತೇನೋ ನಿನಗೆ? ಕಬ್ಬಿಣ ಹಗುರ. ಬಲೆ ತಳ ಮುಟ್ಟುವಷ್ಟರಲ್ಲಿ ಮೀನು ಅರಕಲಗೂಡು ದಾಟಿರುತ್ತದೆ.

ಅಣ್ಣ: ಒಲೆ ಭಾವನ ತೋಟಕ್ಕೆ ಹೋಗಲಿ. ಹೊಸ ಟ್ಯೂಬು, ರೆಗ್ಯುಲೇಟರ್ ನಾನು ಕೊಡಿಸುತ್ತೇನೆ. ಪಂಪು ರಿಪೇರಿಗೆ ಮಾತ್ರ.

ಚಿಕ್ಕಪ್ಪ: ಅರ್ಧ ನನ್ನದು ಅಂತ ಬರೆದುಕೊಡು.

ಅಣ್ಣ: ಬರೆದಿದ್ದೇನೆ. ಇದೇ ಬರಹ.

ಅಕ್ಕ: ಬೆಸುಗೆಗೆ ಸೀಸ ಇಲ್ಲದ ತವರದ ತಂತಿ ಬರುತ್ತದೆ. ಸ್ವಲ್ಪ ದುಬಾರಿ. ಅದನ್ನೇ ತನ್ನಿ.

ಚಿಕ್ಕಮ್ಮ: ನನ್ನ ಬಾಣಲೆಯಲ್ಲಿ ಸೀಸ ಹಾಕಿಲ್ಲ ತಾನೇ?

ಚಿಕ್ಕಪ್ಪ: ಒಂದು ಚೂರು ಹಾಕಿ ನೋಡಿದೆ. ಚೆನ್ನಾಗಿ ಕರಗಿತು.

ಅಕ್ಕ: ಚಿಕ್ಕಮ್ಮ, ಅದನ್ನು ಅಡುಗೆಗೆ ಬಳಸಬೇಡಿ. ಎಷ್ಟು ತಿಕ್ಕಿದರೂ ಬೇಡ.

ಚಿಕ್ಕಮ್ಮ: ಹೊಸದು ತಂದುಕೊಡಿ. ಕಬ್ಬಿಣದ್ದೇ, ಅಷ್ಟೇ ಅಗಲದ್ದು. ಅದರ ದುಡ್ಡಿನಲ್ಲಿ ಅರ್ಧ ಯಾರದ್ದೂ ಇಲ್ಲ.