ಪದ ಬೇಕು, ಇವತ್ತೇ: ಡೆಸ್ಕ್‌ಟಾಪ್ ಸಾಫ್ಟ್‌ವೇರ್ / ಬ್ಯಾಕ್‌ಗ್ರೌಂಡ್ ಪ್ಲಾಟ್‌ಫಾರ್ಮ್

ನಮಸ್ಕಾರ,
ನಾಳೆ ಒಂದು ಕಾಲೇಜಿನಲ್ಲಿ ಡೆವಲಪರ್‌ಗಳಿಗೆ ಕನ್ನಡದಲ್ಲೇ ಕಾರ್ಯಾಗಾರ. ಫ್ಲೆಕ್ಸ್ ಅಂಗಡಿಯವರು ನಾಲ್ಕು ಗಂಟೆಗೆ ಫೈಲ್ ಕೇಳಿದ್ದಾರೆ. ಎರಡು ತಲೆಬರಹ ಬೇಕು. ಒಂದು, ಲ್ಯಾಪ್‌ಟಾಪಿನಲ್ಲಿ ತೆರೆದು ಕಣ್ಣೆದುರೇ ಕೋಡ್ ಬರೆಯುವ ವಿಎಸ್ ಕೋಡ್‌ನಂಥದ್ದು. ಇನ್ನೊಂದು, ನಾವು ಮಲಗಿದ ಮೇಲೂ ಎಲ್ಲೋ ಸರ್ವರಿನಲ್ಲಿ ಟೆಸ್ಟ್ ಓಡಿಸುವ ಗಿಟ್‌ಹಬ್ ಆಕ್ಷನ್ಸ್‌ನಂಥದ್ದು. ಯಾವ ಕೆಲಸಕ್ಕೆ ಯಾವುದು ಎನ್ನುವುದೇ ವಿಷಯ. "ಮೇಜುಗಣಕ ತಂತ್ರಾಂಶ", "ಸ್ವಯಂಚಾಲಿತ ಹಿನ್ನೆಲೆ ವೇದಿಕೆ" ಎಂದು ಬರೆದುಕೊಂಡಿದ್ದೇನೆ. ಓದಿದರೆ ನನಗೇ ನಗು ಬರುತ್ತಿದೆ.

---
> ಸ್ವಯಂಚಾಲಿತ ಹಿನ್ನೆಲೆ ವೇದಿಕೆ

ಇದರಲ್ಲಿ ಹಿನ್ನೆಲೆ ಒಂದೇ ನಮ್ಮದು. ಹಿಂ, ನೆಲೆ. ಉಳಿದದ್ದನ್ನು ಕಿತ್ತುಹಾಕಿ. ತನ್ನಿಂತಾನೆ ಇರುವಾಗ ಸ್ವಯಂ ಯಾಕೆ? ಮೇಜು ಪಾರಸಿಯದು. ಅದು ಬಂದು ಕೂರಬಹುದಾದರೆ ಡೆಸ್ಕ್ ಏನು ಪಾಪ ಮಾಡಿತ್ತು?

---
ಹಿನ್ನೆಲೆ ಸವೆದ ಪದ. "ಮಳೆಯ ಹಿನ್ನೆಲೆಯಲ್ಲಿ ಶಾಲೆಗೆ ರಜೆ" ಎಂದು ಬರೆದು ಬರೆದು ಪತ್ರಿಕೆಯವರು ಮುಗಿಸಿದ್ದಾರೆ. ಯಕ್ಷಗಾನದಲ್ಲಿ ಜೋಡಿ ಸಿದ್ಧವಾಗಿದೆಯಲ್ಲ! ವೇಷ ಕಟ್ಟಿ ಕುಣಿಯುವವರು ಮುಮ್ಮೇಳ. ಭಾಗವತರು, ಮದ್ದಳೆ, ಚೆಂಡೆ ಹಿಮ್ಮೇಳ. ತೆರೆಯ ಮೇಲೆ ಕಾಣುವುದು ಮುಮ್ಮೇಳ, ಸರ್ವರಿನಲ್ಲಿ ನಡೆಯುವುದು ಹಿಮ್ಮೇಳ.

---
ಮೇಳ ಸಂಸ್ಕೃತ. ಮುಗಿಯಿತು.

---
ಸರ್, ಮೇಳ ಎಲ್ಲಿಂದಲಾದರೂ ಬಂದಿರಲಿ, ನನ್ನ ತಕರಾರು ಬೇರೆ. ಹಿಮ್ಮೇಳ ಅಡಗಿ ಕೂರುವುದಿಲ್ಲ. ಭಾಗವತರು ರಂಗಸ್ಥಳದಲ್ಲೇ ಕೂತು ಇಡೀ ಆಟ ನಡೆಸುತ್ತಾರೆ, ಅವರನ್ನು ಒಂದನೇ ವೇಷ ಎನ್ನುವುದು ಸುಮ್ನೆ ಅಲ್ಲ. ಸರ್ವರ್ ಕೆಲಸ ಹಾಗಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಓಡಲಿ ಎಂದು ನಾನೊಮ್ಮೆ ವೇಳೆ ಗೊತ್ತುಮಾಡುವ ಕ್ರಾನ್ ಸಾಲಿನಲ್ಲಿ 9 ಎಂದು ಬರೆದೆ. ಸರ್ವರಿನ ಗಡಿಯಾರ ಯುಟಿಸಿ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. 3:30 ಎಂದು ಕೊಡಬೇಕಿತ್ತು. ದಿನಾ ಮಧ್ಯಾಹ್ನ ಎರಡೂವರೆಗೆ ಓಡುತ್ತಿದ್ದದ್ದು ಒಂದು ವಾರ ಗೊತ್ತೇ ಆಗಲಿಲ್ಲ. ಚೆಂಡೆ ಐದೂವರೆ ಗಂಟೆ ತಡವಾದರೆ ಗೊತ್ತಾಗದೆ ಇರುತ್ತದಾ?

ನಾಮಪದವೇ ಯಾಕೆ ಬೇಕು? ನಡೆಸು, ನಡೆ. ಕಣ್ಣಿಟ್ಟು ಹೆಜ್ಜೆ ಹೆಜ್ಜೆಗೂ ತಿದ್ದಬೇಕಾದದ್ದು ನೀವು ನಡೆಸುವ ಸಾಫ್ಟ್‌ವೇರ್. ದಿನಾ ಒಂದೇ ಥರ ಆಗಬೇಕಾದದ್ದು ತಾನೇ ನಡೆಯುವ ಸಾಫ್ಟ್‌ವೇರ್. ಆರಿಸಿಕೊಳ್ಳುವ ದಾರಿಯೂ ಅದರಲ್ಲೇ ಬಂತು, ಅಲ್ವಾ?

ಅಂದಹಾಗೆ ಫ್ಲೆಕ್ಸಿನಲ್ಲಿ ಡೆವಲಪರ್ ಎಂದು ಹಾಕಬೇಡಿ. ಬೆಂಗಳೂರಾದರೆ ಸೈಟು ಕೇಳಿಕೊಂಡು ಬರುತ್ತಾರೆ.

---
"ನಡೆಸಬೇಕಾ, ತಾನೇ ನಡೆಯಲಾ?" ಎಂದು ದೊಡ್ಡದಾಗಿ, ಕೆಳಗೆ ನೀವು ಹೇಳಿದ ಎರಡು ಸಾಲು. ಕಳಿಸಿಬಿಟ್ಟೆ, ಮೂರೂ ಮುಕ್ಕಾಲಾಗಿತ್ತು. ಡೆವಲಪರ್ ತೆಗೆದು ಪ್ರೋಗ್ರಾಮರ್ ಮಾಡಿದೆ. ಸಾಫ್ಟ್‌ವೇರ್ ಹಾಗೇ ಇದೆ, ಬೈಯಬೇಡಿ ಸರ್.

---
ಮೆದುಸರಕು ಎನ್ನಬಹುದಿತ್ತು. ನಮ್ಮ ಮಾತು ಯಾರು ಕೇಳುತ್ತಾರೆ.

---
ಮೆದುಸರಕು ಎಂದರೆ ನನಗೆ ಹತ್ತಿ ಮೂಟೆ ಕಾಣುತ್ತದೆ.