ಸೂರ್ಯಕಲೆಯಾಗ 3 ನಿಮಿಷದ ಆಂದೋಲನ ಸಿಗವಲ್ದು, 5 ಮತ್ತ 8 ನಿಮಿಷ ಯಾಕ ಬರ್ತದ?

ಕಲಬುರಗಿ_ಫಿಸಿಕ್ಸ್: ಕಾಲೇಜಿನ ಮಾಳಗಿ ಮ್ಯಾಲ 60 ಮಿ.ಮೀ. ಹೈಡ್ರೋಜನ್-ಆಲ್ಫಾ (ಹೈಡ್ರೋಜನ್ನಿನ ಕೆಂಪು ರೇಖೆಯ ಬೆಳಕು) ದೂರದರ್ಶಕ ಅದ, ಫಿಲ್ಟರ್ ಬಿಡೋ ತರಂಗಾಂತರದ ಅಗಲ 0.7 ಆಂಗ್‌ಸ್ಟ್ರಾಮ್. ಮಧ್ಯಾಹ್ನ ಒಂದು ತಾಸಿನ ವಿಡಿಯೊ ತಗೊಂಡು, ಇಡೀ ಸೂರ್ಯಕಲೆಯ ಸರಾಸರಿ ಹೊಳಪಿನ ಪವರ್ ಸ್ಪೆಕ್ಟ್ರಮ್ (ಯಾವ ಆವರ್ತನದ ಏರಿಳಿತ ಎಷ್ಟು ಅಂತ ತೋರಿಸೋ ನಕ್ಷೆ) ತೆಗೆದೀವಿ. ವರ್ಣಗೋಳದ (ಸೂರ್ಯನ ಕಾಣೋ ಮೇಲ್ಮೈಗಿಂತ ಮ್ಯಾಲಿನ ಪದರ) 3 ನಿಮಿಷದ ಆಂದೋಲನ ಕಾಣವಲ್ದು. 5 ನಿಮಿಷಕ್ಕೊಂದು, 8 ನಿಮಿಷಕ್ಕೊಂದು ಶಿಖರ ಎದ್ದಾವ. ಕಾರಣ ಏನ್ರಿ?

ಬೀದರ್_ಬೆಳಕು: 8 ನಿಮಿಷದ್ದು ಬಹುಶಃ ಮೌಂಟಿನದು (ದೂರದರ್ಶಕ ಹೊತ್ತು ತಿರುಗಿಸೋ ಪೀಠ). ಕೆಲವು ಮೌಂಟ್‌ಗಳ ವರ್ಮ್ ಗೇರ್ ಒಂದು ಸುತ್ತಿಗೆ ಅಷ್ಟೇ ಹೊತ್ತು ತಗೋತದ. ಅಷ್ಟಕ್ಕೊಮ್ಮೆ ಚಿತ್ರ ಸರದು ಕಲೆಯ ಅಂಚು ನೀವು ಹೊಳಪು ಅಳೆಯೋ ಚೌಕದ ಒಳಗ-ಹೊರಗ ಆಗ್ತದ. ಮೊದಲು ಫ್ರೇಮ್‌ಗಳನ್ನ ಅಲೈನ್ ಮಾಡ್ರಿ.

5 ನಿಮಿಷದ್ದು ಖರೇನೇ ಸೂರ್ಯನದಿರಬಹುದು. ಗುರುತ್ವ 274 ಮೀ/ಸೆ², ಧ್ವನಿವೇಗ 7 ಕಿ.ಮೀ./ಸೆ, ಗಾಮಾ (ಅನಿಲದ ಎರಡು ಉಷ್ಣಧಾರಣೆಗಳ ಅನುಪಾತ) 5/3 ಹಾಕಿ ಲೆಕ್ಕ ಮಾಡಿದರ ಕಟ್-ಆಫ್ (ಅಲೆ ಏರೋಕ ಬೇಕಾದ ಕನಿಷ್ಠ ಆವರ್ತನ) 5.2 ಮಿಲಿಹರ್ಟ್ಸ್, ಅಂದರ 192 ಸೆಕೆಂಡ್. ಇದಕ್ಕಿಂತ ನಿಧಾನದ ಅಲೆ ನೆಟ್ಟಗ ಮ್ಯಾಲ ಏರಂಗಿಲ್ಲ. ಪೆನಂಬ್ರಾದಾಗ (ಕಲೆಯ ಸುತ್ತಲಿನ ಮಂದ ಭಾಗ) ಮಾತ್ರ ಕಾಂತಕ್ಷೇತ್ರ ವಾಲಿರ್ತದ. ಅದರ ಗುಂಟ ಹೋಗೋ ಅಲೆಗೆ ಗುರುತ್ವದ ಒಂದು ಪಾಲಷ್ಟೇ ತಟ್ಟತದ. 60 ಡಿಗ್ರಿ ವಾಲಿದರ ಕಟ್-ಆಫ್ ಅರ್ಧಕ್ಕಿಳಿದು, 5 ನಿಮಿಷದ ಅಲೆ ಸಲೀಸಾಗಿ ಏರ್ತದ. ಇಡೀ ಕಲೆಯ ಸರಾಸರಿ ತೆಗೆದರ ಅದೇ ಎದ್ದು ಕಾಣ್ತದ. ಚೌಕ ಅಂಬ್ರಾದ (ಕಲೆಯ ನಡುವಿನ ಕಪ್ಪು ಭಾಗ) ನಟ್ಟನಡು ಇಡ್ರಿ.

ಯಾದಗಿರಿ_ಖಗೋಳ: ಸಮಯನೂ ಬದಲಿಸ್ರಿ. ಮಧ್ಯಾಹ್ನ ಶಹಾಬಾದಿ ಕಲ್ಲು ಕಾದು ಮ್ಯಾಲಿನ ಗಾಳಿ ನಡಗತದ. 60 ಮಿ.ಮೀ.ಗೆ ಸಿಗೋದೇ 2.7 ಆರ್ಕ್‌ಸೆಕೆಂಡಿನ ವಿವರ (1 ಆರ್ಕ್‌ಸೆಕೆಂಡ್ ಅಂದರ ಡಿಗ್ರಿಯ 3600ನೇ ಒಂದು ಪಾಲು). ನಡುಕ ಸೇರಿದರ ಪೆನಂಬ್ರಾದ ಬೆಳಕು ಅಂಬ್ರಾದಾಗ ಸೋರ್ತದ. ಬೆಳಿಗ್ಗೆ 8ರಿಂದ 9.30 ಚಲೋ.

ಆಟೊ ಎಕ್ಸ್‌ಪೋಜರ್ ಬಂದ್ ಇರಲಿ. 10 ಸೆಕೆಂಡಿಗೊಮ್ಮೆ 100 ಫ್ರೇಮ್ ಹಿಡಿದು ಚಲೋ 10 ಸ್ಟ್ಯಾಕ್ ಮಾಡ್ರಿ (ಒಂದರ ಮ್ಯಾಲೊಂದು ಕೂಡಿಸ್ರಿ). 90 ನಿಮಿಷಕ್ಕ 540 ಚಿತ್ರ, ಆವರ್ತನದ ಹೆಜ್ಜೆ 0.19 ಮಿಲಿಹರ್ಟ್ಸ್. ಅಂಬ್ರಾದ ಹೊಳಪನ್ನ ಅದೇ ಚಿತ್ರದ ಶಾಂತ ಜಾಗದ ಹೊಳಪಿಂದ ಭಾಗಿಸಿದರ ತೆಳು ಮೋಡದ ಏರಿಳಿತ ಹೋಗ್ತದ. ಶಾಂತ ಚೌಕ ಮಾತ್ರ ದೊಡ್ಡದಿರಬೇಕು. ಸಣ್ಣದಾದರ ಅದರದೇ ಆಂದೋಲನ ನಿಮ್ಮ ಲೆಕ್ಕದಾಗ ನುಗ್ಗತದ.

ಕಲಬುರಗಿ_ಫಿಸಿಕ್ಸ್: ಇದೇ ಫಿಲ್ಟರಿನಾಗ ಡಾಪ್ಲರ್ ವೇಗ (ರೇಖೆ ಸರಿಯೋದರಿಂದ ತಿಳಿಯೋ ವೇಗ) ಅಳೀಬಹುದೇನ್ರಿ?

ಬೀದರ್_ಬೆಳಕು: ಕಷ್ಟರೀ. 1 ಕಿ.ಮೀ./ಸೆ ವೇಗಕ್ಕ ರೇಖೆ ಸರಿಯೋದು 0.022 ಆಂಗ್‌ಸ್ಟ್ರಾಮ್. ನಿಮ್ಮ ಫಿಲ್ಟರಿನ ಅಗಲ 32 ಕಿ.ಮೀ./ಸೆಗೆ ಸಮ. ಹೊಳಪನ್ನೇ ಹಿಡೀರಿ, ತಾಳೆಗೆ ಎಸ್‌ಡಿಒ ಉಪಗ್ರಹದ (ನಾಸಾದ ಸೂರ್ಯ ವೀಕ್ಷಣಾಲಯ) 1600, 1700 ಆಂಗ್‌ಸ್ಟ್ರಾಮ್ ಚಿತ್ರ ತಗೋರಿ. 24 ಸೆಕೆಂಡಿಗೊಂದು ಇರ್ತಾವ, ಪುಕ್ಕಟೆ. ಬಿಂಬದ ನಡುವ ಕಲೆ ತಾಸಿಗೆ 9 ಆರ್ಕ್‌ಸೆಕೆಂಡ್, ಅಂದರ 15 ಪಿಕ್ಸೆಲ್ ಸರೀತದ, ಅದನ್ನ ತಿದ್ದ್ರಿ. 1600, 1700 ಎರಡರ ಫೇಸ್ (ಏರಿಳಿತದ ಹಂತ) ಹೋಲಿಸೋ ಮುಂಚೆ ಹೆಡರಿನ (ಚಿತ್ರದ ಕಡತದ ಜೋಡಿ ಬರೋ ಮಾಹಿತಿ) ಸಮಯ ನೋಡ್ರಿ: ಎರಡೂ ಒಂದೇ ಕ್ಷಣದವಲ್ಲ. 12 ಸೆಕೆಂಡ್ ಅಂತರಕ್ಕ 5.5 ಮಿಲಿಹರ್ಟ್ಸ್‌ನಾಗ 24 ಡಿಗ್ರಿ ಸುಳ್ಳು ಫೇಸ್ ಬರ್ತದ.