ಪದ ಬೇಕು: ಎಣ್ಣೆಯ ‘ಮೈನರ್ ಕಾಂಪೌಂಡ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದವರಿಗೆ ನಮಸ್ಕಾರ.

ಮೈಸೂರಿನ ಒಂದು ಕ್ಲಿನಿಕ್ಕಿನ ಆಹಾರ ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಐದಕ್ಕೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಆಲಿವ್ ಎಣ್ಣೆಯಲ್ಲಿ ನೂರಕ್ಕೆ ಸುಮಾರು 98 ಪಾಲು ಕೊಬ್ಬೇ. ಮಿಕ್ಕ ಒಂದೆರಡು ಪಾಲಿನಲ್ಲಿ ಪಾಲಿಫಿನಾಲ್, ಸ್ಕ್ವಾಲೀನ್, ಸ್ಟೆರಾಲ್ ಇತ್ಯಾದಿ, ಕಾಯಿಯಿಂದಲೇ ಬರುವ ವಸ್ತುಗಳು. ಇವೇ ಮೈನರ್ ಕಾಂಪೌಂಡ್ಸ್. ಯಂತ್ರಾನುವಾದ ‘ಅಪ್ರಾಪ್ತ ಸಂಯುಕ್ತಗಳು’ ಅಂದಿತು, ಮದುವೆಗೆ ಇನ್ನೂ ವಯಸ್ಸಾಗಿಲ್ಲ ಅನ್ನೋ ಹಾಗೆ! ‘ಗೌಣ ಘಟಕ’ ಅಂತ ಬರೆದಿಟ್ಟಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ. ಫಲಕ ಹೇಳೋದೇ ಅವುಗಳ ಮಹಿಮೆಯನ್ನು. 2006ರ ಯೂರೋಲಿವ್ ಅಧ್ಯಯನದಲ್ಲಿ 200 ಗಂಡಸರಿಗೆ ದಿನಕ್ಕೆ 25 ಮಿಲಿಲೀಟರಿನಂತೆ ಮೂರು ಬಗೆಯ ಆಲಿವ್ ಎಣ್ಣೆ, ಒಂದೊಂದನ್ನೂ ಮೂರು ವಾರ ಕೊಟ್ಟರು. ಪಾಲಿಫಿನಾಲ್ ಹೆಚ್ಚಿದ್ದಷ್ಟೂ ‘ಒಳ್ಳೆಯ ಕೊಲೆಸ್ಟೆರಾಲ್’ ಅನ್ನೋ ಎಚ್‌ಡಿಎಲ್ ಕೊಂಚ ಹೆಚ್ಚು ಏರಿತು, ‘ಕೆಟ್ಟ ಕೊಲೆಸ್ಟೆರಾಲ್’ ಅನ್ನೋ ಎಲ್‌ಡಿಎಲ್‌ನ ಉತ್ಕರ್ಷಣ (ಆಮ್ಲಜನಕದಿಂದ ಕೆಡುವುದು) ತಗ್ಗಿತು. ಇದಕ್ಕೆ ಗೌಣ ಅಂದರೆ ಹೇಗೆ?

ಸರಸ್ವತಿಪುರಂನಿಂದ:
ಗೌಣ ಮುಖ್ಯಕ್ಕೆ ಎದುರು, ಹೆಚ್ಚಿಗೆ ಎದುರಲ್ಲ. ‘ಅಲ್ಪಾಂಶ ಘಟಕ’ ಅನ್ನಿ, ಮುಗಿಯಿತು. ಎಲ್ಲಾದರೂ ‘ಕೆಟ್ಟ ಕೊಬ್ಬು’ ಅಂತ ಬರೆದಿದ್ದರೆ ಹೊಡೆದುಹಾಕಿ. ಕೊಲೆಸ್ಟೆರಾಲ್ ಬೇರೆ, ಕೊಬ್ಬು ಬೇರೆ. ಗ್ರೀಕಿನಲ್ಲಿ ಖೋಲೆ ಅಂದರೆ ಪಿತ್ತ, ಸ್ಟೆರಿಯೋಸ್ ಅಂದರೆ ಗಟ್ಟಿ. ಮೊದಲು ಸಿಕ್ಕಿದ್ದು ಪಿತ್ತಕೋಶದ ಕಲ್ಲಿನಲ್ಲಿ.

ಕುವೆಂಪುನಗರದಿಂದ:
ಅಲ್ಪ, ಅಂಶ, ಘಟಕ. ಮೂರರಲ್ಲಿ ಒಂದಾದರೂ ಕನ್ನಡವೇ? ‘ಕಿರುಬೆರಕೆ’ ಅನ್ನಿ. ಎಣ್ಣೆ ಅನ್ನೋದನ್ನೇ ಬಿಡಿಸಿ ನೋಡಿ: ಎಳ್ ಕೂಡಿಸು ನೆಯ್, ಎಳ್ಳಿನ ನೆಯ್, ಅಂದರೆ ಎಳ್ಳಿನ ಜಿಡ್ಡು. ಹಿರಿಯರು ಯಾರ ಮನೆ ಬಾಗಿಲಿಗೂ ಸಾಲಕ್ಕೆ ಹೋಗಲಿಲ್ಲ. ಇಂಗ್ಲಿಶಿನ ‘ಆಯಿಲ್’ ಹುಟ್ಟಿದ್ದು ಗ್ರೀಕಿನ ಆಲಿವ್ ಪದದಿಂದ. ಅಂದರೆ ನಿಮ್ಮ ‘ಆಲಿವ್ ಎಣ್ಣೆ’ ಆಲಿವಿನ ಎಳ್ಳುನೆಯ್!

ಮಂಡ್ಯದಿಂದ:
ಬೆರಕೆಯಾ? ನಮ್ಮದು ಎಣ್ಣೆ ವ್ಯಾಪಾರ ಸ್ವಾಮಿ. ಡಬ್ಬದ ಮೇಲೆ ‘ಬೆರಕೆ’ ಅಂತ ಅಚ್ಚಾಕಿಸಿದ ದಿನವೇ ಅಂಗಡಿ ಬಾಗಿಲು ಹಾಕ್ಬೇಕು. ಕಡ್ಲೇಕಾಯಿ ಎಣ್ಣೆಗೆ ತಾಳೆ ಎಣ್ಣೆ ಸುರಿದ್ರೆ ಬೆರಕೆ. ಕಾಯಿ ಜೊತೇಲೇ ಹುಟ್ಟಿಬಂದದ್ದು ಹೆಂಗೆ ಬೆರಕೆ ಆಯ್ತದೆ? ತೌಡಿನೆಣ್ಣೆ ಕೇಳೋ ಗಿರಾಕಿ ‘ಒರೈಜನಾಲ್ ಇರೋದ್ ಕೊಡಿ’ ಅಂತಾನೇ ಕೇಳ್ತಾನೆ. ಅದೂ ತೌಡಿನೆಣ್ಣೇಲೇ ಇರೋ ಇಂಥದ್ದೇ ಒಂದು. ಅವನಿಗೆ ಅದು ಗೌಣವೂ ಅಲ್ಲ, ಕಿರಿದೂ ಅಲ್ಲ. ಹೆಸರೇ ಹಾಕಿ.

ಕುವೆಂಪುನಗರದಿಂದ:
ಸ್ವಾಮಿಯೂ ಸಂಸ್ಕೃತ.

ಸರಸ್ವತಿಪುರಂನಿಂದ:
ಮೇಜು, ಸಾಬೂನು, ಕಾಗದ ಎಲ್ಲಾ ಸಾಲವೇ. ವಾಪಸು ಕೊಟ್ಟುಬಿಡಿ, ನೋಡೋಣ.

ಕೇಳಿದವನಿಂದ:
ಐದಕ್ಕೆ ಇನ್ನು ಇಪ್ಪತ್ತೇ ನಿಮಿಷ. ‘ಎಣ್ಣೆಯಲ್ಲೇ ಇರುವ ಪಾಲಿಫಿನಾಲ್ ಮುಂತಾದವು’ ಅಂತ ಹಾಕುತ್ತಿದ್ದೇನೆ. ಆಹಾರದ ಮೇಲೆ ಬರೆಯಬಹುದಾದ ಆರೋಗ್ಯದ ಹೇಳಿಕೆಗಳ ಬಗ್ಗೆ ಯುರೋಪಿನ 2012ರ ನಿಯಮವೂ ಪಾಲಿಫಿನಾಲ್ ಅಂತ ಹೆಸರು ಹಿಡಿದೇ ಹೇಳುತ್ತದೆ. ‘ಅಲ್ಪಾಂಶ ಘಟಕ’ ಕೆಳಗೆ ಸಣ್ಣಕ್ಷರದಲ್ಲಿ. ಮಂಡ್ಯದವರಿಗೆ ವಿಶೇಷ ಧನ್ಯವಾದ. ಫಲಕದ ಫೋಟೋ ಆಮೇಲೆ ಕಳಿಸುತ್ತೇನೆ.

ಕುವೆಂಪುನಗರದಿಂದ:
ಫಲಕ ಅಲ್ಲ, ಹಲಗೆ.

ಸರಸ್ವತಿಪುರಂನಿಂದ:
ಹಲಗೆ ಅನ್ನೋದು ಫಲಕದ ತದ್ಭವ.